ಹಾಸನದ ಒಂದು ಐಸಿಯು: ಅವ್ವನ ಆರು ದಿನ, ನನ್ನ ಲೆಕ್ಕ

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹಾಸನದ್ದು, ಖಾಸಗಿಯದು, ಅಷ್ಟು ಸಾಕು. ಐದು ನಕ್ಷತ್ರಗಳಲ್ಲಿ ಮೂರು ಕೊಡುತ್ತೇನೆ. ಅದರಲ್ಲಿ ಎರಡು ರಾತ್ರಿ ಪಾಳಿಯ ಒಬ್ಬ ಸಿಸ್ಟರಿಗೆ ಸೇರಬೇಕು.

ನಾನು ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ದಿನವೂ ಬೇಲಿಯಂಚಿನಲ್ಲಿ ದನಕ್ಕೆ ಹುಲ್ಲು ಕೊಯ್ಯುವ ಅವ್ವನಿಗೆ ಕಳೆದ ಅಕ್ಟೋಬರಿನಲ್ಲಿ ಜ್ವರ ಬಂತು. ಒಂದು ಕಡೆ ಮಾತ್ರೆ ಕೊಟ್ಟರು, ಇನ್ನೊಂದು ಕಡೆ ಎರಡು ಬಾಟಲಿ ಗ್ಲೂಕೋಸ್ ಹಾಕಿದರು. ಏಳನೆಯ ದಿನ ಮಾತು ತೊದಲಿತು. ಹಾಸನ ಮುಟ್ಟುವಷ್ಟರಲ್ಲಿ ಬಿಪಿಯ ಮೇಲಿನ ಅಂಕಿಯೇ 70ಕ್ಕೆ ಇಳಿದಿತ್ತು, ಪ್ಲೇಟ್‌ಲೆಟ್ 38,000.

ಮುಂಗಡದ ಮಾತೆತ್ತದೆ ಒಳಗೆ ಕರೆದುಕೊಂಡರು, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಮರುದಿನ ನೋಡಿದರೆ ಅವ್ವನ ಕೈಕಾಲು, ಮುಖ ಎಲ್ಲ ಊದಿಕೊಂಡಿದೆ. ಬಳೆ ಕತ್ತರಿಸಿದ್ದಾರೆ. "ನೀರು ತುಂಬಿಸಿ ತುಂಬಿಸಿ ಊದಿಸಿದ್ದೀರಿ, ಬಿಪಿ ಮಾತ್ರ ಏರಿಲ್ಲ" ಎಂದು ಕೂಗಾಡಿದೆ. ಡಾಕ್ಟರು ಸಿಟ್ಟಾಗಲಿಲ್ಲ. "ಕುಳಿತುಕೊಳ್ಳಿ ಗೌಡರೇ" ಎಂದು ಚೀಟಿಯ ಹಿಂಬದಿಯಲ್ಲಿ ಒಂದು ಕೊಳವೆ ಬರೆದರು.

ರಕ್ತನಾಳದ ಒಳಗೋಡೆ ಒಂದೇ ಒಂದು ಸಾಲು ಜೀವಕೋಶಗಳದ್ದಂತೆ. ಅದರ ಮೇಲೆ ಸಕ್ಕರೆಯ ಅಂಶವಿರುವ ತೆಳುವಾದ ಲೋಳೆ. "ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ ತೆಗೆದ ಕಾಫಿ ಬೀಜದ ಮೇಲೆ ಇರುತ್ತದಲ್ಲ, ಹಾಗೆಯೇ?" ಎಂದೆ. "ಹಾಗೆಯೇ ಎಂದುಕೊಳ್ಳಿ" ಎಂದು ನಕ್ಕರು. ಸೋಂಕು ವಿಪರೀತಕ್ಕೆ ಹೋದಾಗ ಈ ಲೋಳೆ ಕಳಚುತ್ತದೆ, ಕೋಶಗಳ ನಡುವೆ ಸಂದು ಬೀಳುತ್ತದೆ. ನೀರು, ಪ್ರೋಟೀನು ಮಾಂಸಕ್ಕೂ ಶ್ವಾಸಕೋಶಕ್ಕೂ ಸೋರುತ್ತವೆ; ಹೊರಗೆ ಊತ, ನಾಳದೊಳಗೆ ಬರ. ಬೆತ್ತಲಾದ ಗೋಡೆಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಸಣ್ಣ ಸಣ್ಣ ಹೆಪ್ಪು ಕಟ್ಟುತ್ತವೆ. ಸಾಲದ್ದಕ್ಕೆ ನಾಳಗಳೇ ಸಡಿಲವಾಗುತ್ತವೆ. ಸಲೈನ್ ಏರಿಸುತ್ತಾ ಹೋದರೆ ಅದೂ ಸೋರುತ್ತದೆ. ಆದ್ದರಿಂದಲೇ ನಾಳ ಬಿಗಿಯುವ ನಾರ್‌ಅಡ್ರಿನಲಿನ್ ಅನ್ನು ಪಂಪಿನಲ್ಲಿ ಹನಿಹನಿಯಾಗಿ ಬಿಡುತ್ತಾ, ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ನಡುವೆ ಬರುವ ಸರಾಸರಿ ಒತ್ತಡವನ್ನು 65ರ ಆಸುಪಾಸಿನಲ್ಲಿ ನಿಲ್ಲಿಸಲು ಹೆಣಗುತ್ತಿದ್ದರು. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟುಗಳೆಲ್ಲ ಸೋರುವಾಗ ಮೋಟಾರನ್ನು ಎಷ್ಟು ಓಡಿಸಿದರೇನು? ನನಗೆ ಅರ್ಥವಾಯಿತು.

ಆದರೆ ಸೋಂಕು ಯಾವುದು? ಅದನ್ನು ಹಿಡಿದದ್ದು ಆ ಸಿಸ್ಟರ್. ರಾತ್ರಿ ಮೈ ಒರೆಸುವಾಗ ಅವ್ವನ ಸೊಂಟದ ಹಿಂದೆ, ಸೀರೆ ಬಿಗಿಯುವ ಕಡೆ, ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ ಕಂಡು ಡಾಕ್ಟರನ್ನು ಎಬ್ಬಿಸಿದ್ದಾರೆ. ನೋವಿಲ್ಲ, ತುರಿಕೆಯಿಲ್ಲ; ಅವ್ವನಿಗೇ ಗೊತ್ತಿರಲಿಲ್ಲ. ಮೊದಲಿನ ಎರಡು ಕಡೆ ಯಾರೂ ಸೀರೆ ಸರಿಸಿ ನೋಡಿರಲಿಲ್ಲ. ಸ್ಕ್ರಬ್ ಟೈಫಸ್. ಉಣುಗು ಅಲ್ಲ, ಅದಕ್ಕಿಂತಲೂ ಸಣ್ಣ ಹುಳುವಿನ ಮರಿ ಪೊದೆಯಲ್ಲಿ ಕಚ್ಚಿ ಅಂಟಿಸುವ ರೋಗ. ಅದರ ರೋಗಾಣು ಬಂದು ಬೀಡುಬಿಡುವುದು ರಕ್ತನಾಳದ ಆ ಒಳಗೋಡೆಯ ಕೋಶಗಳ ಒಳಗೇ. ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಎರಡನ್ನೂ ಡ್ರಿಪ್ಪಿನಲ್ಲಿ ಒಟ್ಟಿಗೆ ಕೊಟ್ಟರು. ತೀವ್ರವಾದ ಸ್ಕ್ರಬ್ ಟೈಫಸ್‌ಗೆ ಒಂದಕ್ಕಿಂತ ಎರಡು ಮೇಲು ಎಂದು ಭಾರತದ ಆಸ್ಪತ್ರೆಗಳಲ್ಲೇ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿದೆಯಂತೆ. ಎರಡು ದಿನಕ್ಕೆ ಜ್ವರ ಬಿಟ್ಟಿತು. ಆಮೇಲೆ ಪಂಪು ನಿಂತಿತು, ಊತ ಮೂತ್ರವಾಗಿ ಇಳಿಯಿತು.

ಇನ್ನು ಎರಡು ನಕ್ಷತ್ರ ಕತ್ತರಿಸಿದ್ದೇಕೆ? ಹೊರಗೆ ಕಾಯುವವರಿಗೆ ಆರು ಕುರ್ಚಿ. ಕ್ಯಾಂಟೀನಿನ ಕಾಫಿಯಲ್ಲಿ ಚಿಕೋರಿಯೇ ಹೆಚ್ಚು; ಹಾಸನ ಜಿಲ್ಲೆಯಲ್ಲಿ ಇದು ಅಪರಾಧ. ಬಿಲ್ಲಿನಲ್ಲಿ ದಿನಕ್ಕೆ ಸರಿಯಾಗಿ 40 ಜೊತೆ ಗ್ಲೌಸ್, ಬಿಡುಗಡೆಯ ಅರ್ಧ ದಿನಕ್ಕೂ 40. ಹಾಜರಿ ಪುಸ್ತಕ ಬರೆಯುವವನ ಕಣ್ಣಿಗೆ ಇಂಥದ್ದು ಬೀಳದೆ ಇರುವುದಿಲ್ಲ. ಕೇಳಿದ ಮೇಲೆ ಆ ದಿನದ್ದನ್ನು ಮಾತ್ರ 12ಕ್ಕೆ ಇಳಿಸಿದರು.

ಅವ್ವ ಈಗ ನನ್ನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಹುಲ್ಲಿಗೆ ಹೋಗುತ್ತಾಳೆ. ಕತ್ತರಿಸಿದ ಬಳೆಯ ದುಡ್ಡನ್ನು ಬಿಲ್ಲಿನಲ್ಲಿ ಏಕೆ ಕಳೆಯಲಿಲ್ಲ ಎಂದು ಈಗಲೂ ಕೇಳುತ್ತಾಳೆ.