ಪೋಲೆಂಡಿನ ಕ್ರಾಕೋವ್‌ನಲ್ಲಿ ಒಂದೇ ಮಧ್ಯಾಹ್ನವಿದ್ದರೆ ಯಾವ ಚರ್ಚ್?

ಪೋಲಿಷ್ ಚಿತ್ರಕಾರರು ದೇವಾಲಯದ ಬೆಳಕನ್ನು ಹೇಗೆ ಪಳಗಿಸಿದರೆಂದು ನೋಡಬೇಕು, ಸಂತ ಮೇರಿ ಬಸಿಲಿಕವೋ ಫ್ರಾನ್ಸಿಸ್ಕನ್ ಚರ್ಚೋ ಎಂದು ಕೇಳಿದ್ದೀರಿ. ಎರಡರ ನಡುವೆ ಕೆಲವೇ ನಿಮಿಷಗಳ ನಡಿಗೆ, ಆದರೆ ಬೆಳಕು ಪೂರ್ತಿ ಬೇರೆ.

ಬಸಿಲಿಕದ ಗೋಡೆಗಳಿಗೆ 1889ರಿಂದ 1891ರವರೆಗೆ ಬಣ್ಣ ಹಾಕಿಸಿದವರು ಚಿತ್ರಕಾರ ಯಾನ್ ಮಾತೆಯ್ಕೊ. ನೀಲಿ ಛಾವಣಿ, ಅದರಲ್ಲಿ ಚಿನ್ನದ ನಕ್ಷತ್ರಗಳು. ಇಲ್ಲಿ ಬಣ್ಣವೇ ಬೆಳಕಿನ ಕೆಲಸ ಮಾಡುತ್ತದೆ, ಹಾಗಾಗಿ ಮೋಡ ಕವಿದರೂ ನಷ್ಟ ಕಡಿಮೆ. ಫೈಟ್ ಷ್ಟೋಸ್ ಕೆತ್ತಿದ ಮಹಾ ಬಲಿಪೀಠವೂ ಇಲ್ಲೇ ಇದೆ. ಪ್ರವಾಸಿಗರಿಗೆ ಟಿಕೆಟ್ ಉಂಟು, ಜನಜಂಗುಳಿಯೂ ಉಂಟು.

ಫ್ರಾನ್ಸಿಸ್ಕನ್ ಚರ್ಚ್ 1850ರ ಬೆಂಕಿಯಲ್ಲಿ ಸುಟ್ಟಿತ್ತು. ಮಾತೆಯ್ಕೊ ಅವರ ಕೈಕೆಳಗೆ ಬಸಿಲಿಕದಲ್ಲಿ ದುಡಿದಿದ್ದ ಸ್ತಾನಿಸ್ವಾಫ್ ವಿಸ್ಪ್ಯಾನ್‌ಸ್ಕಿ ಮುಂದೆ ಇಲ್ಲಿನ ಗೋಡೆಗಳ ಮೇಲೆ ಹೂವುಗಳನ್ನು ಹಬ್ಬಿಸಿದರು. ಒಳಗೆ ಮಬ್ಬು. ಕಣ್ಣು ಹೊಂದಿಕೊಳ್ಳಲು ಕುಳಿತುಕೊಳ್ಳಿ, ಆಮೇಲೆ ಹಿಂದಕ್ಕೆ ತಿರುಗಿ ವಿಸ್ಪ್ಯಾನ್‌ಸ್ಕಿಯವರೇ ರಚಿಸಿದ ಪಶ್ಚಿಮದ ಕಿಟಕಿಯತ್ತ ನೋಡಿ: ಕೈ ಎತ್ತಿ ಸೃಷ್ಟಿಸುತ್ತಿರುವ ತಂದೆ ದೇವರು, ಬಣ್ಣದ ಗಾಜಿನಲ್ಲಿ ಉರಿಯುವ ನೀಲಿ, ಹಸಿರು, ಹಳದಿ. ನಮ್ಮ ಕಾಲದವರು ಬಿಡಿಸಿದಂತಿದೆ, ಆದರೆ ಅಲ್ಲಿ ಕೂರಿಸಿದ್ದು 1904ರಲ್ಲಿ! ಇದಕ್ಕೆ ಇಳಿಬಿಸಿಲು ಬೇಕು. ಮಳೆಯ ದಿನ ಅರ್ಧ ಸೊಗಸು ಹೋಗುತ್ತದೆ.

ಮೋಡವಿದ್ದರೆ, ಮಕ್ಕಳು ಜೊತೆಗಿದ್ದರೆ ಬಸಿಲಿಕ. ಬಿಸಿಲಿದ್ದು ಮೌನವೂ ಬೇಕೆಂದರೆ ಫ್ರಾನ್ಸಿಸ್ಕನ್. ಎರಡೂ ಕಡೆ ಪೂಜೆಯ ಹೊತ್ತು ತಪ್ಪಿಸಿ ಹೋಗಿ.