ಕೊಪ್ಪಳದ ಬಿಸಿಲಿನಲ್ಲಿ ಆಮದು ವಿಟಮಿನ್ ಸಿ: ಹಲವು ವರ್ಷ ಬಳಸಿದವರ ಮಾತು

ಕೊಪ್ಪಳದ ಹತ್ತಿರ ನಮ್ಮದೊಂದು ಚಿಕ್ಕ ಘಟಕ ಇದೆ. ಪೇರಲ ಮತ್ತು ಮಾವಿನ ಪಲ್ಪ್ ತೆಗೆಯುತ್ತೇವೆ. ನೀರಿಗೆ ಹಾಕಿ ಕುಡಿಯುವ ವಿಟಮಿನ್ ಸಿ ಪುಡಿಯ ಪ್ಯಾಕೆಟ್ಟನ್ನೂ ಮಾಡುತ್ತೇವೆ. ಎರಡಕ್ಕೂ ಬೇಕಾದದ್ದು ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ. ಪಲ್ಪ್‌ನಲ್ಲಿ ಅದು ಬಣ್ಣ ಕಂದಾಗದಂತೆ ತಡೆಯುತ್ತದೆ. ಇದನ್ನು ಮುಂಬೈನ ಒಬ್ಬ ಆಮದುದಾರರಿಂದ 25 ಕೆಜಿ ಪೆಟ್ಟಿಗೆಗಳಲ್ಲಿ ಹಲವು ವರ್ಷಗಳಿಂದ ತರಿಸುತ್ತಿದ್ದೇವೆ. ಮಾಲು ಚೆನ್ನಾಗಿದೆ, ಸೇವೆಯೂ ಚೆನ್ನಾಗಿದೆ. ನಮ್ಮಂಥ ಸಣ್ಣವರಿಗೆ ನೇರ ಆಮದಿಗಿಂತ ಇದೇ ವಾಸಿ. ಆದರೆ ಪ್ರತಿ ಬ್ಯಾಚಿನ ಕಾಗದ, ಅಂದರೆ ಟೆಸ್ಟ್ ರಿಪೋರ್ಟ್, ಕೈಗೆ ಬರದಿದ್ದರೆ ಯಾವ ರೇಟಿಗೂ ತಗೊಳ್ಳಬೇಡಿ.

ಜಗತ್ತಿನ ವಿಟಮಿನ್ ಸಿ ಬಹುಪಾಲು ಚೀನಾದಲ್ಲೇ ತಯಾರಾಗುತ್ತದೆ. ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್, ಅದರಿಂದ ಸಾರ್ಬಿಟಾಲ್, ಆಮೇಲೆ ಬ್ಯಾಕ್ಟೀರಿಯಾ ಬಳಸಿ ಹುದುಗಿಸುವ ಹಂತಗಳು, ಕೊನೆಗೆ ಈ ಬಿಳಿ ಹರಳು. ಸ್ಕಾಟ್ಲೆಂಡಿನ ಡಾಲ್ರಿಯಲ್ಲೂ ಒಂದು ಕಾರ್ಖಾನೆ ಇದೆ, ಅದರ ಮಾಲು ದುಬಾರಿ. ಚೀನಾದ ಮಾಲು ಅಂದ ಕೂಡಲೇ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಸೀಲ್ ಒಡೆಯದ ಪೆಟ್ಟಿಗೆ, ಸರಿಯಾದ ಕಾಗದ ಇದ್ದರೆ ಅದರಲ್ಲಿ ನಮಗೆ ಯಾವ ಕೊರತೆಯೂ ಕಂಡಿಲ್ಲ. 2020ರಲ್ಲಿ ಕೊರೊನಾ ಬಂದಾಗ ಎಲ್ಲರಿಗೂ ಇದೇ ಬೇಕಾಯಿತು, ರೇಟು ಏರಿತು. ಆಗಲೂ ನಮ್ಮ ಆಮದುದಾರರು ಹಳೆಯ ಗಿರಾಕಿಗಳಿಗೆ ಸ್ವಲ್ಪ ಸ್ವಲ್ಪವಾದರೂ ಕೊಟ್ಟರು. ಅದನ್ನು ಮರೆಯೋಕೆ ಆಗುವುದಿಲ್ಲ.

ನೇರ ಆಮದು ಯಾಕೆ ಬೇಡ ಅಂದೆ? ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಐಇಸಿ ಕೋಡ್ ಬೇಕು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ ಕೇಂದ್ರ ಲೈಸೆನ್ಸ್ ಬೇಕು. ಬಂದರಿನಲ್ಲಿ ಮಾಲು ಇಳಿದ ಮೇಲೆ ಅವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಸ್ಯಾಂಪಲ್ ಲ್ಯಾಬಿಗೆ ಹೋಗಬಹುದು. ಇದು ಔಷಧಿಗೂ ಬಳಕೆಯಾಗುವ ವಸ್ತು. ಹಾಗಾಗಿ ಔಷಧಕ್ಕೆ ಅಲ್ಲ, ಆಹಾರಕ್ಕೆ ತರಿಸಿದ್ದು ಅಂತಲೂ ತೋರಿಸಬೇಕು. ಕಸ್ಟಮ್ಸ್‌ನಲ್ಲಿ 2936 27 00 ಅನ್ನುವ ಕೋಡ್ ಅಡಿಯಲ್ಲಿ ಬರುತ್ತದೆ. ಇಷ್ಟೆಲ್ಲ ಓಡಾಟ ಕಂಟೇನರ್ ಲೆಕ್ಕದಲ್ಲಿ ತರಿಸುವವರಿಗೆ ಸರಿ. ನಾಲ್ಕಾರು ಪೆಟ್ಟಿಗೆ ಸಾಕು ಅನ್ನುವವರಿಗೆ ಬಂದರಿನ ಖರ್ಚೇ ಮಾಲಿಗಿಂತ ಭಾರ ಆಗುತ್ತದೆ.

ಕಾಗದದ ವಿಷಯಕ್ಕೆ ಬರುತ್ತೇನೆ, ಇಲ್ಲೇ ಜನ ಮೋಸ ಹೋಗುವುದು. ಒಮ್ಮೆ ನಮ್ಮ ಮಾಮೂಲು ಮಾಲು ತಡವಾಯಿತು. ಇನ್ನೊಬ್ಬ ವ್ಯಾಪಾರಿ ಕಡಿಮೆ ರೇಟಿಗೆ ಕೊಡುತ್ತೇನೆ ಅಂತ ಕಳಿಸಿದ. ಪೆಟ್ಟಿಗೆಯೇ ಇಲ್ಲ, ಸಾದಾ ಪ್ಲಾಸ್ಟಿಕ್ ಚೀಲ, ಮೇಲೆ ಪೆನ್ನಿನಲ್ಲಿ ಬರೆದ ಹೆಸರು. ಗೋದಾಮಿನ ಹುಡುಗ ಮುಟ್ಟಿ ನೋಡಿ, 'ಸರ, ಇದು ಗಟ್ಟಿ ಆಗೇತ್ರಿ, ಬಣ್ಣಾನೂ ಹಳದಿ ಐತಿ' ಅಂದ. ಅದೇ ಲಾರಿಗೆ ವಾಪಸ್ ಹಾಕಿಸಿದೆವು. ಆ ವ್ಯಾಪಾರಿ ವಾಟ್ಸಾಪ್‌ನಲ್ಲಿ ಕಳಿಸಿದ ಟೆಸ್ಟ್ ರಿಪೋರ್ಟ್ ಚೆನ್ನಾಗೇ ಇತ್ತು. ಆದರೆ ಅದರ ಬ್ಯಾಚ್ ನಂಬರನ್ನು ಹೋಲಿಸಿ ನೋಡಲು ಚೀಲದ ಮೇಲೆ ನಂಬರೇ ಇರಲಿಲ್ಲ.

ರಿಪೋರ್ಟ್‌ನಲ್ಲಿ ಎಲ್ಲರೂ ಶುದ್ಧತೆ ಮಾತ್ರ ನೋಡುತ್ತಾರೆ. 99.0ರಿಂದ 100.5 ಶೇಕಡಾ ಇದ್ದರೆ ಸರಿ ಅಂತ ಬಿಡುತ್ತಾರೆ. ಅದು ಸಾಲದು. ಈ ಲೆಕ್ಕ ಸಾಮಾನ್ಯವಾಗಿ ಅಯೋಡಿನ್ ಪರೀಕ್ಷೆಯಿಂದ ಬರುತ್ತದೆ. 0.1 ನಾರ್ಮಲ್ ಸಾಂದ್ರತೆಯ ಅಯೋಡಿನ್ ದ್ರಾವಣ 1 ಮಿಲಿ ಖರ್ಚಾದರೆ 8.806 ಮಿಲಿಗ್ರಾಂ ಆಸ್ಕಾರ್ಬಿಕ್ ಆಸಿಡ್ ಅಂತ ಲೆಕ್ಕ. ನಮ್ಮ ಘಟಕದಲ್ಲೂ ಇದನ್ನು ಮಾಡುತ್ತೇವೆ, ಸುಲಭ. ಆದರೆ ಎರಿಥಾರ್ಬಿಕ್ ಆಸಿಡ್ ಅಂತ ಇದರದ್ದೇ ಜೋಡಿ ವಸ್ತು ಇದೆ. ಅದೂ ಅಷ್ಟೇ ಅಯೋಡಿನ್ ಕುಡಿಯುತ್ತದೆ. ಪಲ್ಪ್ ಕಂದಾಗದಂತೆ ಅದೂ ತಡೆಯುತ್ತದೆ. ಆದರೆ ವಿಟಮಿನ್ ಆಗಿ ಅದರಿಂದ ಉಪಯೋಗ ತೀರಾ ಕಡಿಮೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಆಪ್ಟಿಕಲ್ ರೊಟೇಶನ್ ಪರೀಕ್ಷೆ, ಅಂದರೆ ದ್ರಾವಣದ ಮೂಲಕ ಹಾದ ಧ್ರುವೀಕೃತ ಬೆಳಕು ಯಾವ ಕಡೆಗೆ, ಎಷ್ಟು ತಿರುಗುತ್ತದೆ ಅಂತ ನೋಡುವುದು. ಆಸ್ಕಾರ್ಬಿಕ್ ಆಸಿಡ್‌ಗೆ ಪ್ಲಸ್ 20.5ರಿಂದ 21.5 ಡಿಗ್ರಿ ಬರಬೇಕು. ಎರಿಥಾರ್ಬಿಕ್ ಆಗಿದ್ದರೆ ಮೈನಸ್ ಬರುತ್ತದೆ. ಪ್ಯಾಕೆಟ್ ಮೇಲೆ ವಿಟಮಿನ್ ಸಿ ಅಂತ ಬರೆದು ಮಾರುವವರು ಈ ಸಾಲನ್ನು ನೋಡದೆ ಮಾಲು ಇಳಿಸಿಕೊಳ್ಳಬಾರದು. ಅದನ್ನು ಕುಡಿಯುವವರಲ್ಲಿ ಮಕ್ಕಳೂ ಇರುತ್ತಾರೆ, ಅಲ್ವಾ?

ತಯಾರಾದ ತಾರೀಕನ್ನೂ ಕೇಳಿ. ಎಫ್‌ಎಸ್‌ಎಸ್‌ಎಐನ 2017ರ ಆಮದು ನಿಯಮದ ಪ್ರಕಾರ ಬಂದರು ದಾಟುವಾಗ ಮಾಲಿನ ಬಾಳಿಕೆ ಅವಧಿಯ ಶೇಕಡಾ 60 ಅಥವಾ 3 ತಿಂಗಳು, ಯಾವುದು ಕಡಿಮೆಯೋ ಅಷ್ಟು ಉಳಿದಿದ್ದರೆ ಸಾಕು. ನಮಗೆ ಅದು ಸಾಲುವುದಿಲ್ಲ. ನಮ್ಮ ಪ್ಯಾಕೆಟ್ ಅಂಗಡಿಯಲ್ಲಿ ಕೂರುವ ತಿಂಗಳುಗಳೂ ಲೆಕ್ಕಕ್ಕೆ ಬರಬೇಕು.

ಇನ್ನು ನಮ್ಮ ಕಡೆಯ ಬಿಸಿಲು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ತಗಡಿನ ಗೋದಾಮಿನೊಳಗೆ ಇನ್ನೂ ಜಾಸ್ತಿ. ಒಣಗಿದ್ದು, ಫಾಯಿಲ್ ಚೀಲ ಸೀಲಾಗಿದ್ದರೆ ಪುಡಿ ತಡೆದುಕೊಳ್ಳುತ್ತದೆ. ಒಮ್ಮೆ ಬಿಚ್ಚಿದ ಮೇಲೆ ತೇವ, ಗಾಳಿ, ಬೆಳಕು ಮೂರೂ ಶತ್ರು. ನಾವು ಬಿಚ್ಚಿದ ಚೀಲವನ್ನು ಎಸಿ ಕೋಣೆಯಲ್ಲಿ ಇಟ್ಟು ಬೇಗ ಮುಗಿಸುತ್ತೇವೆ. ತಾಮ್ರ, ಕಬ್ಬಿಣ ಸೋಕಿದರಂತೂ ವಿಟಮಿನ್ ಬೇಗ ಹಾಳಾಗುತ್ತದೆ, ಅದರಲ್ಲೂ ತಾಮ್ರ ಬಹಳ ಕೆಟ್ಟದ್ದು. ಹಿತ್ತಾಳೆ ನಲ್ಲಿ, ತುಕ್ಕು ಹಿಡಿದ ಪೈಪು ಎಲ್ಲಾ ತೆಗೆಸಿ ಸ್ಟೀಲ್ ಹಾಕಿಸಿ. ಕರಗಿಸಲು ಬೋರ್‌ವೆಲ್ ನೀರು ಬೇಡ, ಆರ್‌ಒ ನೀರು ಬಳಸಿ. ಕರಗಿಸಿದ್ದನ್ನು ಅವತ್ತೇ ಪಲ್ಪ್‌ಗೆ ಹಾಕಿ ಮುಗಿಸಬೇಕು.

ಪ್ಯಾಕೆಟ್ ಮಾಡುವವರಿಗೆ ಇನ್ನೊಂದು ಇಕ್ಕಟ್ಟು ಇದೆ. ಬಿಸಿಲಿಗೆ ಕಮ್ಮಿ ಆಗುತ್ತದೆ ಅಂತ ಸುಮ್ನೆ ಜಾಸ್ತಿ ಸುರಿಯಲು ಬರುವುದಿಲ್ಲ. ಎಫ್‌ಎಸ್‌ಎಸ್‌ಎಐನ ನ್ಯೂಟ್ರಾಸ್ಯೂಟಿಕಲ್ (ಪೋಷಕಾಂಶದ ಪೂರಕ ಆಹಾರ) ನಿಯಮದಲ್ಲಿ ವಿಟಮಿನ್ ಪ್ರಮಾಣ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದಿನಕ್ಕೆ ಇಷ್ಟು ಬೇಕು ಅಂತ ಹೇಳಿದ ಪ್ರಮಾಣಕ್ಕೆ ಕಟ್ಟುಬಿದ್ದಿದೆ. 2020ರ ಪಟ್ಟಿಯಲ್ಲಿ ಅದು ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ. ಮೊದಲು 40 ಇತ್ತು. ಹಾಗಾಗಿ ಲೇಬಲ್ ಮೇಲೆ ಮಿತಿಯ ತುದಿಯ ಅಂಕಿ ಬರೆಯದೆ ಸ್ವಲ್ಪ ಕೆಳಗೆ ಇಟ್ಟಿದ್ದೇವೆ. ಬಿಸಿಲಿನ ನಷ್ಟಕ್ಕೆ ಅಂತ ಸ್ವಲ್ಪ ಜಾಸ್ತಿ ಹಾಕಿದರೂ ಮಿತಿ ದಾಟುವುದಿಲ್ಲ. ಪ್ಯಾಕೆಟ್ಟಿಗೂ ಅಲ್ಯೂಮಿನಿಯಂ ಪದರ ಇರುವ ಹಾಳೆಯನ್ನೇ ಬಳಸುತ್ತೇವೆ.

ನಮ್ಮ ಆಮದುದಾರರ ಮೇಲೆ ಒಂದು ದೂರು ಇದೆ. ರಿಪೋರ್ಟನ್ನು ಪ್ರತಿ ಸಲ ಕೇಳಿಯೇ ತರಿಸಿಕೊಳ್ಳಬೇಕು, ಬಿಲ್ ಜೊತೆ ತಾನಾಗಿ ಬರುವುದಿಲ್ಲ. ಈಗ ಆರ್ಡರ್ ಕಾಗದದಲ್ಲೇ 'ರಿಪೋರ್ಟ್ ಇಲ್ಲದೆ ಹಣ ಇಲ್ಲ' ಅಂತ ಬರೆಯುತ್ತಿದ್ದೇವೆ.

ಚೀಪುವ ಮಾತ್ರೆ ಮಾಡುವ ಯೋಚನೆ ಇರುವವರು ಅವರಿಂದ ಸೋಡಿಯಂ ಆಸ್ಕಾರ್ಬೇಟ್ (ಆಸ್ಕಾರ್ಬಿಕ್ ಆಸಿಡ್‌ನ ಸೋಡಿಯಂ ಲವಣ) ಕೂಡ ತರಿಸಬಹುದು. ಹುಳಿ ಕಡಿಮೆ, ಹಲ್ಲಿಗೂ ಅಷ್ಟು ತೊಂದರೆ ಇಲ್ಲ. ತೂಕ ಹಾಕುವಾಗ ಮಾತ್ರ 1 ಗ್ರಾಂನಲ್ಲಿ ವಿಟಮಿನ್ ಸಿ ಸುಮಾರು 0.89 ಗ್ರಾಂ ಅಂತ ಹಿಡಿಯಿರಿ.