ಏಳು ಎಲುಬಿನ ಗೂಡು, ಮೂರು ಮಂದಿ: ‘ಜೇಸನ್ ಅಂಡ್ ದ ಆರ್ಗೊನಾಟ್ಸ್’ (1963)

ಈ ಚಿತ್ರದ ಕೊನೆಯ ಕಾಳಗದಲ್ಲಿ ಮೂವರು ಮನುಷ್ಯರ ಮೇಲೆ ಏಳು ಎಲುಬಿನ ಗೂಡುಗಳು ಕತ್ತಿ, ಗುರಾಣಿ ಹಿಡಿದು ಬೀಳುತ್ತವೆ. ತೆರೆಯ ಮೇಲೆ ಅದು ಕೆಲವೇ ನಿಮಿಷ. ಮಾಡಲು ಹಿಡಿದದ್ದು ನಾಲ್ಕೂವರೆ ತಿಂಗಳು. ಕಥೆ ಗ್ರೀಕ್ ಪುರಾಣದ್ದು: ಪೀಲಿಯಸ್ ಕಸಿದ ಗದ್ದುಗೆಯನ್ನು ಮರಳಿ ಪಡೆಯಲು ಜೇಸನ್ ಸಂಗಡಿಗರೊಂದಿಗೆ ಹಡಗೇರಿ ಚಿನ್ನದ ಟಗರಿನ ತೊಗಲು ತರಲು ಹೊರಡುತ್ತಾನೆ. ನಿರ್ದೇಶಕರು ಡಾನ್ ಚಾಫಿ, ಅವಧಿ 104 ನಿಮಿಷ. ಆದರೆ ಇದನ್ನು ನೋಡಬೇಕಾದದ್ದು ಬೊಂಬೆ ಕುಣಿಸಿದ ರೇ ಹ್ಯಾರಿಹೌಸನ್ ಸಲುವಾಗಿ.

ಕೆಲಸ ನಡೆದದ್ದು ಹೀಗೆ. ನಟರು ಮೊದಲು ಸ್ಟಂಟ್‌ನವರ ಜತೆ ಪಟ್ಟುಗಳನ್ನು ರೂಢಿ ಮಾಡಿಕೊಂಡರು. ಆಮೇಲೆ ಎದುರಿಗೆ ಯಾರೂ ಇಲ್ಲದೆ ಅದೇ ಪಟ್ಟುಗಳನ್ನು ಗಾಳಿಯಲ್ಲಿ ಹಾಕಿದರು. ಆ ಫಿಲ್ಮನ್ನು ಸ್ಟುಡಿಯೊದಲ್ಲಿ ಒಂದು ಪರದೆಯ ಹಿಂದಿನಿಂದ ಒಂದೊಂದೇ ಫ್ರೇಮಿನಂತೆ ಬಿಟ್ಟು, ಪರದೆಯ ಮುಂದೆ ಬೊಂಬೆಗಳನ್ನು ನಿಲ್ಲಿಸಿ, ಕೂದಲೆಳೆಯಷ್ಟು ಸರಿಸಿ ಮತ್ತೆ ಚಿತ್ರ ತೆಗೆಯುವುದು. ತಲೆ, ಎರಡು ಕೈ, ಎರಡು ಕಾಲು ಎಂದರೆ ಒಂದು ಬೊಂಬೆಗೆ ಐದು, ಏಳಕ್ಕೆ 35 ಸಲ ಕೈ ಹಾಕಬೇಕು. ಇಷ್ಟೆಲ್ಲ ಒಂದೇ ಫ್ರೇಮಿಗೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ದುಡಿದರೂ ಸಿಕ್ಕದ್ದು 13 ಫ್ರೇಮ್, ಅಂದರೆ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಕತ್ತಿಗೆ ಕತ್ತಿ ತಾಗಿದ ಜಾಗ ಒಂದು ಎಳೆ ತಪ್ಪಿದರೂ ಆಟ ಕೆಟ್ಟಂತೆ. ಇಲ್ಲಿ ತಪ್ಪಿದ್ದು ಬಹಳ ಕಡಿಮೆ.

ಕೊರತೆ ಹುಟ್ಟುವುದೂ ಇದೇ ವಿಧಾನದಿಂದ. ಹಿನ್ನೆಲೆಯನ್ನು ಎರಡನೇ ಸಲ ಚಿತ್ರೀಕರಿಸಿದ್ದರಿಂದ ಅಂಥ ಶಾಟುಗಳಲ್ಲಿ ಬಣ್ಣ ಮಂಕಾಗಿ, ಚಿತ್ರ ತರಿತರಿಯಾಗುತ್ತದೆ. ಬಣ್ಣ ಕುಂದಿತೆಂದರೆ ಯಾವುದೋ ರಾಕ್ಷಸ ಬಂತೆಂದೇ ಲೆಕ್ಕ! ಡಿಕ್ಕಿ ಹೊಡೆಯುವ ಬಂಡೆಗಳನ್ನು ತಡೆದು ನಿಲ್ಲುವ ಸಮುದ್ರದೇವ ಟ್ರೈಟನ್ ಬೊಂಬೆಯಲ್ಲ, ಮೀನಿನ ಬಾಲ ತೊಟ್ಟ ಮನುಷ್ಯ. ನೀರನ್ನು ಬೊಂಬೆಯ ಅಳತೆಗೆ ಇಳಿಸಲು ಬರುವುದಿಲ್ಲ. ಕ್ಯಾಮೆರಾ ವೇಗವಾಗಿ ಓಡಿಸಿ ಚಿತ್ರವನ್ನು ನಿಧಾನಗೊಳಿಸಿದ್ದಾರೆ, ಆದರೂ ಹನಿಗಳು ದಪ್ಪಗೆ ಕಂಡು ಹಡಗು ಆಟಿಕೆಯೆಂದು ಹೇಳಿಬಿಡುತ್ತವೆ.

ಚಿತ್ರದ ನಿಜವಾದ ಎತ್ತರ ಕಂಚಿನ ದೈತ್ಯ ಟ್ಯಾಲೋಸ್. ಮೂರ್ತಿಯೆಂದು ನಂಬಿದ್ದು ಕಿರ್ರೆಂದು ಕುತ್ತಿಗೆ ತಿರುಗಿಸುವ ಕ್ಷಣಕ್ಕೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಲೋಹ ನಡೆದರೆ ಹೇಗಿರಬೇಕೋ ಹಾಗೆ, ಬೇಕೆಂದೇ ಬಿಗುವಾಗಿ ನಡೆಸಿದ್ದಾರೆ. ಅವನ ಜೀವ ಹಿಮ್ಮಡಿಯ ಮುಚ್ಚಳದಲ್ಲಿ. ಮುಧೋಳದ ರನ್ನನ ಗದಾಯುದ್ಧ ಓದಿದವರಿಗೆ, ದುರ್ಯೋಧನನ ತೊಡೆ ಬಲ್ಲವರಿಗೆ, ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಬರ್ನಾರ್ಡ್ ಹರ್ಮನ್ ಸಂಗೀತದಲ್ಲಿ ಪಿಟೀಲಿನಂಥ ತಂತಿವಾದ್ಯವಿಲ್ಲ, ಊದುವ ಮತ್ತು ಬಡಿಯುವ ವಾದ್ಯಗಳದ್ದೇ ಮೇಲುಗೈ. ಮೊಬೈಲಿನ ಸ್ಪೀಕರಿನಲ್ಲಿ ಅದರ ಅರ್ಧ ತೂಕ ಹೋಗುತ್ತದೆ.

ಪುರಾಣಕ್ಕೆ ಚಿತ್ರ ಅಷ್ಟೇನೂ ನಿಷ್ಠವಲ್ಲ. ಮೂಲದಲ್ಲಿ ಟ್ಯಾಲೋಸ್ ಸಿಗುವುದು ಮರಳುವಾಗ, ಕ್ರೀಟ್‌ನಲ್ಲಿ, ಜೇಸನ್‌ನ ಪ್ರೇಯಸಿ ಮೀಡಿಯಾಳ ಮಾಟಕ್ಕೆ ಸಾಯುತ್ತಾನೆ. ಇಲ್ಲಿ ಹೋಗುವಾಗಲೇ ಬರುತ್ತಾನೆ. ಮೂಲದಲ್ಲಿ ಚಿನ್ನದ ಟಗರಿನ ತೊಗಲನ್ನು ಕಾಯುವುದು ನಿದ್ದೆ ಮಾಡದ ಸರ್ಪ. ಚಿತ್ರ ಅದರ ಜಾಗಕ್ಕೆ ಹರ್ಕ್ಯುಲಿಸನ ಕಥೆಯಿಂದ ಹಲವು ತಲೆಯ ಸರ್ಪ ಹೈಡ್ರಾವನ್ನು ಎಳೆದು ತಂದಿದೆ. ಸರ್ಪದ ಹಲ್ಲು ನೆಲಕ್ಕೆ ಬಿತ್ತಿದರೆ ಪುರಾಣದಲ್ಲಿ ಏಳುವವರು ಮೈತುಂಬಿದ ಯೋಧರು, ಇಲ್ಲಿ ಬರೀ ಎಲುಬು. ಈ ಬದಲಾವಣೆಯೊಂದನ್ನು ಕ್ಷಮಿಸಬಹುದು. ದೇವತೆಗಳ ನೆಲೆಯಾದ ಒಲಿಂಪಸ್‌ನಲ್ಲಿ ಕೂತು ದೇವರಾಜ ಝ್ಯೂಸ್, ಅವನ ಹೆಂಡತಿ ಹೀರಾ ಮನುಷ್ಯರನ್ನು ಕಾಯಿಗಳಂತೆ ನಡೆಸುವ ದೃಶ್ಯಗಳು ಮಾತ್ರ ಸೊಗಸು. ಕೃಷ್ಣ ಪಾರಿಜಾತ ನೋಡಿ ಬೆಳೆದ ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ದೇವರ ಮನೆಯ ಜಗಳ ಹೊಸದಲ್ಲ. ಹೀರಾಗೆ ಐದೇ ಸಲ ಜೇಸನ್‌ಗೆ ನೆರವಾಗಲು ಅವಕಾಶ. ಮಕ್ಕಳಿಗೆ ಅದನ್ನು ಎಣಿಸಲು ಹೇಳಿ.

ಕುರುಡ ಫಿನಿಯಸ್‌ನ ಊಟವನ್ನು ರೆಕ್ಕೆಯ ಪಿಶಾಚಿಗಳಾದ ಹಾರ್ಪಿಗಳು ಕಸಿಯುವ ಗುಡಿ ಸೆಟ್ ಅಲ್ಲ, ದಕ್ಷಿಣ ಇಟಲಿಯ ಪೇಸ್ಟಮ್‌ನ ಹಳೆಯ ಗ್ರೀಕ್ ಗುಡಿ. ಐಹೊಳೆಯ ಕಂಬಗಳ ನಡುವೆ ಓಡಾಡಿದ ಕಣ್ಣು ಆ ಕಲ್ಲಿನ ಸವಕಲನ್ನು ತಕ್ಷಣ ಗುರುತಿಸುತ್ತದೆ.

ಸಪ್ಪೆಯಾದದ್ದು ತೊಗಲು ಇರುವ ನಾಡಾದ ಕೊಲ್ಕಿಸ್ ತಲುಪಿದ ಮೇಲಿನ ಭಾಗ. ಜೇಸನ್ (ಟಾಡ್ ಆರ್ಮ್‌ಸ್ಟ್ರಾಂಗ್), ಮೀಡಿಯಾ (ನ್ಯಾನ್ಸಿ ಕೊವಾಕ್) ಇಬ್ಬರ ದನಿಯೂ ಬೇರೆಯವರದ್ದು, ಅದಕ್ಕೇ ಪ್ರೇಮ ತುಟಿಯಿಂದ ಆಚೆ ದಾಟುವುದಿಲ್ಲ. ನೈಜೆಲ್ ಗ್ರೀನ್‌ರ ಹರ್ಕ್ಯುಲಿಸ್ ನಡುದಾರಿಯಲ್ಲೇ ಇಳಿದುಹೋಗುವುದು ದೊಡ್ಡ ನಷ್ಟ.

ಮನೆಯ ಟಿವಿಯಲ್ಲಿ ನೋಡುವವರು ಮೊದಲು ಚಿತ್ರದ ಸೆಟ್ಟಿಂಗಿಗೆ ಹೋಗಿ ‘ಮೋಷನ್ ಸ್ಮೂದಿಂಗ್’ ಜಾತಿಯದ್ದನ್ನು ಬಂದ್ ಮಾಡಬೇಕು. ಅದು ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮನ್ನು ತಾನೇ ಹೆಣೆದು ಹ್ಯಾರಿಹೌಸನ್ನರ ಗಡಸು ಚಲನೆಯನ್ನು ಜಿಡ್ಡು ಜಿಡ್ಡಾಗಿಸುತ್ತದೆ. ಶಾರ್ಪ್‌ನೆಸ್ ಇಳಿಸಿ, ಹೆಚ್ಚಿಸಿದರೆ ಆ ತರಿತರಿಯೇ ಮೊದಲು ಕಣ್ಣಿಗೆ ಹೊಡೆಯುತ್ತದೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇಟ್ಟು ತೋರಿಸುವುದಾದರೆ, ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಿಟಕಿಗೆ ಚಾದರ ಕಟ್ಟಿದರೂ ಬೆಳಕು ನುಗ್ಗುತ್ತದೆ. ಚಿತ್ರದ ಬಹುಭಾಗ ಹಗಲಿನದು, ತಡೆದುಕೊಳ್ಳುತ್ತದೆ. ಹೈಡ್ರಾ ದೃಶ್ಯ ಮಬ್ಬು, ಅದಕ್ಕಾಗಿ ಸಂಜೆ ಏಳರ ಮೇಲೆ ಶುರುಮಾಡುವುದೇ ಲೇಸು. ವಿರಾಮ ಟ್ಯಾಲೋಸ್ ಬಿದ್ದ ಮೇಲೆ ಕೊಡಿ. ಐದಾರು ವರ್ಷದ ಮಕ್ಕಳು ನೆಲದಿಂದ ಎಲುಬು ಏಳುವಾಗ ಅಂಜಬಹುದು, ಹತ್ತಿರ ಕೂರಿಸಿಕೊಳ್ಳಿ.

ಇನ್ನೊಂದು ಸಿದ್ಧತೆ ಬೇಕು. ಆಟ ಮುಂದೆ ಇನ್ನೊಂದು ದಿನ ಎಂದು ಝ್ಯೂಸ್ ಹೇಳುತ್ತಲೇ ಚಿತ್ರ ನಿಂತುಬಿಡುತ್ತದೆ, ಗದ್ದುಗೆ ಕಸಿದ ಪೀಲಿಯಸ್ ಇನ್ನೂ ಗದ್ದುಗೆ ಮೇಲೆಯೇ ಇರುತ್ತಾನೆ. ಅವನಿಗೇನಾಯಿತು ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಮುದುಕ ಮತ್ತೆ ಹರೆಯದವನಾಗುತ್ತಾನೆಂದು ಮೀಡಿಯಾ ನಂಬಿಸಿ, ಸ್ವಂತ ಹೆಣ್ಣುಮಕ್ಕಳ ಕೈಯಿಂದಲೇ ಅವನನ್ನು ಕಡಿಸಿದಳು ಎಂಬುದು ಪುರಾಣದ ಉತ್ತರ. ಅದನ್ನು ರಾತ್ರಿ ಊಟಕ್ಕೆ ಮುಂಚೆ ಹೇಳಬೇಡಿ.